ರಾಡಾರ್ ಕಂಡ ನೆಲದ ಚಲನೆ: ಐದು ತಪ್ಪು ಕಲ್ಪನೆ, ಐದು ಸತ್ಯ

2023ರ ಜನವರಿಯಲ್ಲಿ ಉತ್ತರಾಖಂಡದ ಜೋಶಿಮಠದಲ್ಲಿ ಮನೆಗಳ ಗೋಡೆ ಬಿರುಕುಬಿಟ್ಟಾಗ, ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಒಂದು ಪ್ರಾಥಮಿಕ ವರದಿ ದೇಶದ ತುಂಬ ಸುದ್ದಿಯಾಯಿತು. ಡಿಸೆಂಬರ್ 27ರಿಂದ ಜನವರಿ 8ರವರೆಗಿನ 12 ದಿನಗಳಲ್ಲಿ ಪಟ್ಟಣ 5.4 ಸೆಂ.ಮೀ. ಕುಸಿದಿದೆ ಎಂದು ಅದು ಹೇಳಿತ್ತು. ನೂರಾರು ಕಿ.ಮೀ. ಮೇಲಿನಿಂದ ಸೆಂಟಿಮೀಟರ್ ಲೆಕ್ಕ ಹೇಳುವ ಈ ವಿದ್ಯೆಗೆ ರಾಡಾರ್ ಇಂಟರ್‌ಫೆರೋಮೆಟ್ರಿ ಎಂದು ಹೆಸರು. ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಹಾದುಹೋಗುವ ಉಪಗ್ರಹ ಬೇರೆ ಬೇರೆ ದಿನ ಕಲೆಹಾಕಿದ ಮಾಹಿತಿಯನ್ನು ತಾಳೆ ನೋಡುವುದೇ ಇದರ ತಿರುಳು. ಬೆಂಗಳೂರಿನಲ್ಲಿ ಜೋಡಣೆಗೊಂಡ ನಾಸಾ-ಇಸ್ರೋ ಜಂಟಿ ರಾಡಾರ್ ಉಪಗ್ರಹ ‘ನಿಸಾರ್’ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಕಕ್ಷೆಗೆ ಏರಿದೆ. ನೆಲದ ಚಲನೆ ತೋರಿಸುವ ನಕ್ಷೆಗಳು ಇನ್ನು ಹೆಚ್ಚು ಹೆಚ್ಚು ನಮ್ಮ ಕಣ್ಣಿಗೆ ಬೀಳಲಿವೆ. ಜನರ ಮನೆಮಠದ ಪ್ರಶ್ನೆ ಇರುವ ನಕ್ಷೆಯನ್ನು ತಪ್ಪಾಗಿ ಓದಿದರೆ ಇಲ್ಲದ ಭಯ ಹುಟ್ಟಬಹುದು, ಸುಳ್ಳು ಧೈರ್ಯವೂ ಹುಟ್ಟಬಹುದು.

ತಪ್ಪು ಕಲ್ಪನೆ 1: ಉಪಗ್ರಹ ಎರಡು ಫೋಟೊ ತೆಗೆದು ಹೋಲಿಸುತ್ತದೆ.

ಸತ್ಯ: ಇದು ಫೋಟೊ ಅಲ್ಲ. ರಾಡಾರ್ ತನ್ನದೇ ರೇಡಿಯೊ ಅಲೆಗಳನ್ನು ನೆಲಕ್ಕೆ ಕಳಿಸಿ ಪ್ರತಿಫಲಿಸಿದ್ದನ್ನು ಹಿಡಿಯುತ್ತದೆ. ಹಾಗಾಗಿ ಅದಕ್ಕೆ ರಾತ್ರಿಯೂ ಒಂದೇ, ಮೋಡ ಕವಿದ ಹಗಲೂ ಒಂದೇ. ಯುರೋಪಿನ ಸೆಂಟಿನೆಲ್-1 ಉಪಗ್ರಹ ಸುಮಾರು 693 ಕಿ.ಮೀ. ಎತ್ತರದಲ್ಲಿ ಸುತ್ತುತ್ತ, 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳುತ್ತದೆ. ಅದರ ಅಲೆಯ ಉದ್ದ ಸುಮಾರು 5.5 ಸೆಂ.ಮೀ. ಮರಳಿದ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದನ್ನು ಉಪಗ್ರಹ ಪ್ರತಿ ಸಲವೂ ದಾಖಲಿಸಿಕೊಳ್ಳುತ್ತದೆ. ಎರಡು ಭೇಟಿಗಳ ನಡುವೆ ನೆಲ ತುಸು ದೂರ ಸರಿದಿದ್ದರೆ ಆ ಹಂತವೂ ಬದಲಾಗಿರುತ್ತದೆ. ಅಳೆಯುವುದು ಈ ವ್ಯತ್ಯಾಸವನ್ನು. ನೆಲದ ಮೇಲಿನ ಮಿಲಿಮೀಟರ್ ಗಾತ್ರದ ಬಿರುಕು ಇದರಲ್ಲಿ ಕಾಣುವುದಿಲ್ಲ. ಹಲವು ಮೀಟರ್ ಅಗಲದ ತುಣುಕೊಂದು ಒಟ್ಟಾರೆ ಎಷ್ಟು ಸರಿಯಿತು ಎಂಬುದಷ್ಟೇ ತಿಳಿಯುತ್ತದೆ.

ತಪ್ಪು ಕಲ್ಪನೆ 2: ನಕ್ಷೆಯಲ್ಲಿ ಕೆಂಪು ಕಂಡಲ್ಲೆಲ್ಲ ಅಪಾಯ.

ಸತ್ಯ: 1992ರ ಜೂನ್ 28ರಂದು ಕ್ಯಾಲಿಫೋರ್ನಿಯಾದ ಲ್ಯಾಂಡರ್ಸ್‌ನಲ್ಲಿ 7.3 ತೀವ್ರತೆಯ ಭೂಕಂಪವಾಯಿತು. ಅದಕ್ಕೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಇಆರ್‌ಎಸ್-1 ಉಪಗ್ರಹ ಪಡೆದ ಮಾಹಿತಿಯನ್ನು ಫ್ರಾನ್ಸಿನ ದಿದಿಯೆ ಮಾಸೊನೆ ಮತ್ತು ಸಂಗಡಿಗರು ತಾಳೆ ನೋಡಿದರು. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ಚಿತ್ರದಲ್ಲಿ, ಭೂಕಂಪದ ಬಿರುಕಿನ ಎರಡೂ ಬದಿಗೆ ಬಣ್ಣದ ಪಟ್ಟಿಗಳು ಒತ್ತೊತ್ತಾಗಿ ಹೊರಳಿಕೊಂಡಿದ್ದವು. ಕೆಂಪು, ಹಳದಿ, ಹಸಿರು, ನೀಲಿ, ಮತ್ತೆ ಕೆಂಪು: ಇಂಥ ಒಂದು ಪೂರ್ಣ ಸುತ್ತು ಎಂದರೆ ನೆಲ ಉಪಗ್ರಹದ ದಿಕ್ಕಿನಲ್ಲಿ 28 ಮಿ.ಮೀ. ಸರಿದಿದೆ ಎಂದರ್ಥ. ಅಲೆ ಹೋಗಿ ಬರುವುದರಿಂದ ಅದರ ಉದ್ದದ ಅರ್ಧಕ್ಕೇ ಒಂದು ಸುತ್ತು ಮುಗಿಯುತ್ತದೆ.

ಬರೀ ನಿಮಿಷದ ಮುಳ್ಳಿರುವ ಗಡಿಯಾರ ಗಂಟೆ ಹೇಳದು. ಹಾಗೆಯೇ ಒಂದು ಜಾಗದ ಬಣ್ಣವೊಂದರಿಂದ ಅಲ್ಲಿ ನೆಲ ಎಷ್ಟು ಸರಿದಿದೆ ಎಂದು ಹೇಳಲಾಗದು. ಅಲುಗದ ಜಾಗವೊಂದನ್ನು ಆಧಾರವಾಗಿಟ್ಟುಕೊಂಡು, ಅಲ್ಲಿಂದ ಪಟ್ಟಿಗಳನ್ನು ಎಣಿಸುತ್ತ ಬರಬೇಕು. ಆ ಆಧಾರದ ಜಾಗವೇ ಕುಸಿಯುತ್ತಿದ್ದರೆ ಇಡೀ ಲೆಕ್ಕ ಅಡಿಮೇಲಾಗುತ್ತದೆ. ಸೆಂ.ಮೀ. ಲೆಕ್ಕಕ್ಕೆ ಇಳಿಸಿದ ನಕ್ಷೆಗಳಲ್ಲಿ ಯಾವ ಬಣ್ಣಕ್ಕೆ ಯಾವ ಅರ್ಥ ಎಂಬುದನ್ನು ನಕ್ಷೆ ಮಾಡಿದವರೇ ಗೊತ್ತುಮಾಡಿರುತ್ತಾರೆ. ಬಣ್ಣದ ಸೂಚಿ ಓದದೆ ನಕ್ಷೆ ಓದಬಾರದು.

ತಪ್ಪು ಕಲ್ಪನೆ 3: ಉಪಗ್ರಹದ ಅಂಕಿ ಎಂದರೆ ಅದೇ ಕೊನೆಯ ಮಾತು.

ಸತ್ಯ: ರಾಡಾರ್ ಅಲೆ ವಾತಾವರಣ ದಾಟಿಯೇ ಬರಬೇಕು. ಗಾಳಿಯಲ್ಲಿನ ನೀರಾವಿ ಅದನ್ನು ಕೊಂಚ ತಡವಾಗಿಸುತ್ತದೆ, ಆ ತಡವೂ ನೆಲ ಸರಿದಂತೆಯೇ ಕಾಣುತ್ತದೆ. ಗಾಳಿಯ ತೇವಾಂಶದಲ್ಲಿ ಶೇ. 20ರಷ್ಟು ಏರುಪೇರಾದರೆ ಲೆಕ್ಕದಲ್ಲಿ 10 ಸೆಂ.ಮೀ.ವರೆಗೆ ತಪ್ಪು ಬರಬಹುದು ಎಂದು ಹೋವರ್ಡ್ ಜೆಬ್ಕರ್ ಮತ್ತು ಸಹೋದ್ಯೋಗಿಗಳು 1997ರಲ್ಲೇ ತೋರಿಸಿದ್ದರು.

ಇಟಲಿಯ ಎಟ್ನಾ ಜ್ವಾಲಾಮುಖಿಯ ಉದಾಹರಣೆ ಇದಕ್ಕೆ ಕನ್ನಡಿ. ಸ್ಫೋಟದ ಕಾಲದಲ್ಲಿ ಪರ್ವತವೇ ತಗ್ಗಿದ್ದು ರಾಡಾರ್‌ನಲ್ಲಿ ಕಂಡಿದೆ ಎಂದು 1995ರ ಪ್ರಬಂಧವೊಂದು ಹೇಳಿತು. 2000ದಲ್ಲಿ ಬಂದ ಇನ್ನೊಂದು ಪ್ರಬಂಧ ಆರು ವರ್ಷಗಳ ಮಾಹಿತಿ ಪರಿಶೀಲಿಸಿ, ಪರ್ವತವಿಡೀ ಹಬ್ಬಿದ ಅಂಥ ಪಟ್ಟಿಗಳನ್ನು ಬಹುಮಟ್ಟಿಗೆ ವಾತಾವರಣದಿಂದಲೇ ವಿವರಿಸಬಹುದು ಎಂದು ತೋರಿಸಿತು. ಪಿಯೆರ್ ಬ್ರಿಯೋಲ್ ಎರಡೂ ಪ್ರಬಂಧಗಳ ಲೇಖಕರಲ್ಲಿ ಒಬ್ಬರು. ತಮ್ಮ ಮಾತನ್ನು ತಾವೇ ಒರೆಗೆ ಹಚ್ಚುವ ಈ ಪ್ರಾಮಾಣಿಕತೆಯಿಂದಲೇ ವಿಜ್ಞಾನಕ್ಕೆ ನಂಬಿಕೆ ಬಂದಿರುವುದು. ಇಂದು ಹತ್ತಾರು ದಿನಗಳ ಮಾಹಿತಿಯನ್ನು ಒಟ್ಟಿಗೆ ಇಟ್ಟು, ದಿನದಿಂದ ದಿನಕ್ಕೆ ಬದಲಾಗುವ ಹವೆಯ ಪ್ರಭಾವವನ್ನು ಸೋಸಿ ತೆಗೆಯುತ್ತಾರೆ. ವರ್ಷಕ್ಕೆ ಕೆಲವೇ ಮಿ.ಮೀ. ಚಲನೆ ಗೊತ್ತಾಗುವುದು ಹೀಗೆ, ಎರಡೇ ದಿನಗಳ ಹೋಲಿಕೆಯಿಂದ ಅಲ್ಲ.

ತಪ್ಪು ಕಲ್ಪನೆ 4: ಮೇಲಿಂದ ನೋಡುವ ರಾಡಾರಿಗೆ ಎಲ್ಲ ಕಡೆಯೂ ಸಮಾನವಾಗಿ ಕಾಣುತ್ತದೆ.

ಸತ್ಯ: ಕಟ್ಟಡ, ಬಂಡೆ, ಬಯಲು ನೆಲ ಇದ್ದಲ್ಲಿ ಫಲಿತಾಂಶ ಚೆನ್ನಾಗಿ ಬರುತ್ತದೆ. ಕಾಡಿನಲ್ಲಿ ಹಾಗಲ್ಲ. ಎಲೆ, ರೆಂಬೆಗಳು ಒಂದು ಭೇಟಿಯಿಂದ ಇನ್ನೊಂದಕ್ಕೆ ಅಲುಗಿ, ಬೆಳೆದು ಬದಲಾಗಿರುತ್ತವೆ. ಎರಡು ದಿನಗಳ ಅಲೆಗಳಿಗೆ ತಾಳೆಯೇ ಆಗುವುದಿಲ್ಲ. ಮರಗಳ ನೆರಳಲ್ಲಿ ಕಾಫಿ ಬೆಳೆಯುವ ಕೊಡಗು, ಚಿಕ್ಕಮಗಳೂರಿನ ಇಳಿಜಾರುಗಳಲ್ಲಿ ಸೆಂಟಿನೆಲ್‌ನ ಚಿಕ್ಕ ಅಲೆಗೆ ಇದೇ ದೊಡ್ಡ ತೊಡಕು. ನಿಸಾರ್‌ನ ಎಲ್-ಬ್ಯಾಂಡ್ ಅಲೆಯ ಉದ್ದ ಸುಮಾರು 24 ಸೆಂ.ಮೀ. ಅದು ಎಲೆಗಳ ಹೊದಿಕೆಯೊಳಗೆ ಹೆಚ್ಚು ಆಳಕ್ಕೆ ಇಳಿಯುತ್ತದೆ. ಪಶ್ಚಿಮ ಘಟ್ಟದಂಥ ಕಡೆಗೆ ಅದರಿಂದ ನಿರೀಕ್ಷೆ ಹೆಚ್ಚಿರುವುದು ಇದಕ್ಕೇ. ಆದರೂ ರಾಡಾರ್ ಓರೆಯಾಗಿ ನೋಡುವುದರಿಂದ ಕಡಿದಾದ ಕಣಿವೆಯ ಕೆಲವು ಭಾಗ ಮರೆಯಾಗಿಯೇ ಉಳಿಯುತ್ತದೆ. ಧ್ರುವದಿಂದ ಧ್ರುವಕ್ಕೆ ಸುತ್ತುತ್ತ ಪಕ್ಕಕ್ಕೆ ನೋಡುವ ಕಾರಣ, ನೆಲ ಉತ್ತರ-ದಕ್ಷಿಣವಾಗಿ ಸರಿದರೆ ಅದು ಬಹಳ ಕಡಿಮೆ ಗೊತ್ತಾಗುತ್ತದೆ. ನಕ್ಷೆ ಖಾಲಿ ಇದ್ದರೆ ಆ ಜಾಗ ಸುರಕ್ಷಿತ ಎಂದಲ್ಲ, ಅಲ್ಲಿ ಅಳತೆ ಸಿಕ್ಕಿಲ್ಲ ಎಂದರ್ಥ.

ತಪ್ಪು ಕಲ್ಪನೆ 5: ಇನ್ನು ಭೂಕಂಪ, ಗುಡ್ಡ ಕುಸಿತ ಎಲ್ಲ ಮೊದಲೇ ಗೊತ್ತಾಗುತ್ತದೆ.

ಸತ್ಯ: ಯಾವ ಉಪಗ್ರಹವೂ ಭೂಕಂಪದ ದಿನ, ಗಂಟೆ ಹೇಳಲಾರದು. ಲ್ಯಾಂಡರ್ಸ್‌ನ ಚಿತ್ರ ತೋರಿಸಿದ್ದು ನಡೆದುಹೋದ ಭೂಕಂಪವನ್ನು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಡಿಮಳೆಗೆ ಸಡಿಲಗೊಂಡು ಜಾರಿದವು. ಇಂಥ ಹಠಾತ್ ಕುಸಿತವನ್ನು 12 ದಿನಕ್ಕೊಮ್ಮೆ ಬರುವ ಉಪಗ್ರಹ ಕಾವಲು ಕಾಯಲಾಗದು. ಅದರ ನಿಜವಾದ ಬಲ ಇರುವುದು ನಿಧಾನದ ಚಲನೆ ಹಿಡಿಯುವುದರಲ್ಲಿ. ಅಂತರ್ಜಲ ಬಸಿದ ಮೆಕ್ಸಿಕೊ ನಗರದ ಕೆಲವು ಭಾಗ ವರ್ಷಕ್ಕೆ ಅರ್ಧ ಮೀಟರ್‌ನಷ್ಟು ಕುಸಿಯುತ್ತಿರುವುದನ್ನು ಇದು ಬೀದಿ ಬೀದಿಯ ಮಟ್ಟಕ್ಕೆ ನಕ್ಷೆ ಮಾಡಿದೆ. ತಿಂಗಳುಗಟ್ಟಲೆ ತೆವಳುವ ಗುಡ್ಡ ಯಾವುದು ಎಂದು ಇದು ಬೊಟ್ಟುಮಾಡಬಲ್ಲದು. ಅಲ್ಲಿಗೆ ಹೋಗಿ ಮಣ್ಣು, ನೀರು, ಬಿರುಕು ನೋಡುವ ಕೆಲಸ ಭೂವಿಜ್ಞಾನಿಗಳದೇ.

ಸೆಂಟಿನೆಲ್-1ರ ಮಾಹಿತಿ ಯಾರಿಗಾದರೂ ಉಚಿತವಾಗಿ ಸಿಗುತ್ತದೆ, ನಿಸಾರ್‌ನದೂ ಮುಕ್ತವಾಗಿ ಹಂಚುವ ನೀತಿಯದೇ. ಆದ್ದರಿಂದ ನಿಮ್ಮೂರಿನ ಬಗ್ಗೆ ಇಂಥ ನಕ್ಷೆ ಬಂದಾಗ ಸಂಬಂಧಪಟ್ಟವರನ್ನು ನಾಲ್ಕು ಪ್ರಶ್ನೆ ಕೇಳಿ: ಯಾವ ದಿನದಿಂದ ಯಾವ ದಿನಕ್ಕೆ? ಎಷ್ಟು ಭೇಟಿಗಳ ಮಾಹಿತಿ? ಆಧಾರದ ಜಾಗ ಯಾವುದು? ಸ್ಥಳಕ್ಕೆ ಹೋಗಿ ಪರಿಶೀಲಿಸಿದ್ದಾರೆಯೇ? ಉತ್ತರ ಸಿಗುವವರೆಗೆ ಅದನ್ನು ಊರಿನ ಹಣೆಬರಹ ಎಂದು ವಾಟ್ಸ್ಆ್ಯಪ್‌ನಲ್ಲಿ ಹಂಚಬೇಡಿ. ಸಿಕ್ಕ ಉತ್ತರ ಕುಸಿತವನ್ನು ಖಚಿತಪಡಿಸಿದರೆ, ಅದನ್ನು ಕಡತದಲ್ಲಿ ಮಲಗಲೂ ಬಿಡಬೇಡಿ.