ಆರನೆಯವನ ಲೆಕ್ಕ

ಸೆಪ್ಟೆಂಬರ್‌ನಿಂದ ಜನವರಿಯೊಳಗೆ ಅಮೆರಿಕದ ಮಗಳ ಮನೆಗೋ ಮಗನ ಮನೆಗೋ ಹೋಗಿ ಕುಳಿತವರಿಗೆ ಭಾನುವಾರದ ಫುಟ್‌ಬಾಲ್ ಗೊತ್ತು. ತಿಂಡಿ ಮುಗಿಯುವ ಹೊತ್ತಿಗೆ ಹಾಕಿದ ಟೀವಿ ರಾತ್ರಿ ಊಟದವರೆಗೂ ಆರುವುದಿಲ್ಲ. ಕಾಲಿನಲ್ಲಿ ಒದೆಯುವುದೇ ಅಪರೂಪವಾದ ಆಟಕ್ಕೆ ಈ ಹೆಸರು ಯಾಕೆ ಎಂದು ಎಲ್ಲ ಅಪ್ಪ ಅಮ್ಮಂದಿರೂ ಒಮ್ಮೆ ಕೇಳಿರುತ್ತಾರೆ. ಅದಾದ ಮೇಲೂ ಎದ್ದು ಹೋಗದೆ ನೋಡುತ್ತಿದ್ದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಚೆಂಡು ಇನ್ನೂ ನೆಲದ ಮೇಲಿದೆ, ಯಾರೂ ಅಲುಗಾಡಿಲ್ಲ. ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್ ಎದುರು ತಂಡದ ಒಬ್ಬನತ್ತ ಬೆರಳು ಚಾಚಿ, ‘ಐವತ್ನಾಲ್ಕು ಮೈಕ್! ಐವತ್ನಾಲ್ಕು ಮೈಕ್!’ ಎಂದು ಕೂಗುತ್ತಾನೆ. ಐವತ್ನಾಲ್ಕು ಎಂಬುದು ಆ ಎದುರಾಳಿಯ ಅಂಗಿಯ ಮೇಲಿನ ಸಂಖ್ಯೆ. ಮೈಕ್ ಅವನ ಹೆಸರಲ್ಲ.

ಕೂಗುತ್ತಿರುವುದು ಎದುರಾಳಿಯನ್ನು ಕೆಣಕಲು ಅಲ್ಲ. ತನ್ನ ಪಕ್ಕದಲ್ಲೇ ಮಂಡಿ ಬಗ್ಗಿಸಿ ನಿಂತ ರನ್ನಿಂಗ್ ಬ್ಯಾಕ್‌ಗೆ, ಈ ಸಲ ನಿನ್ನ ಪಾಲಿಗೆ ಯಾರು ಎಂದು ಹೇಳುತ್ತಿದ್ದಾನೆ. ಹೇಳುವ ರೀತಿ ಮಾತ್ರ ಸುತ್ತುಬಳಸಿನದು.

ಈ ಸುತ್ತುಬಳಸು ಅರ್ಥವಾಗಬೇಕಾದರೆ ಆಟದ ಮೂಲ ಕೂಡಿ ಕಳೆಯುವ ಲೆಕ್ಕ ಸಾಕು. ಒಂದೊಂದು ತಂಡಕ್ಕೆ 11 ಜನ. ಚೆಂಡು ಯಾರ ಬಳಿ ಇದೆಯೋ ಅವರು ನಾಲ್ಕು ಯತ್ನಗಳೊಳಗೆ 10 ಗಜ ಮುಂದೆ ಹೋಗಬೇಕು. ಚೆಂಡನ್ನು ರನ್ನಿಂಗ್ ಬ್ಯಾಕ್ ಕೈಗೆ ಕೊಟ್ಟು ಓಡಿಸಬಹುದು. ಇಲ್ಲವೇ ಕ್ವಾರ್ಟರ್‌ಬ್ಯಾಕ್ ದೂರದ ಜೊತೆಗಾರನಿಗೆ ಎಸೆಯಬಹುದು. ಹೀಗೆ ಮುಂದಕ್ಕೆ ಎಸೆಯಲು ನಿಯಮ ಒಪ್ಪಿದ್ದು 1906ರಲ್ಲಿ. ಎಸೆಯಬೇಕೆಂದರೆ ಹಿಡಿಯುವವರು ಓಡಿ ದೂರ ಸೇರಬೇಕು, ಅಷ್ಟು ಹೊತ್ತು ಎಸೆಯುವವನು ಮೈಮುಟ್ಟದೆ ಉಳಿಯಬೇಕು. ಎಷ್ಟು ಹೊತ್ತು? ಎರಡೂವರೆ ಸೆಕೆಂಡು, ಬಹಳವೆಂದರೆ ಮೂರು.

ಆ ಎರಡೂವರೆ ಸೆಕೆಂಡಿನ ಕಾವಲಿಗೆ ಮುಂದಿನ ಸಾಲಿನಲ್ಲಿ ಐದು ಜನ ಇದ್ದಾರೆ. ನಡುವೆ ಸೆಂಟರ್, ಅವನ ಎರಡು ಮಗ್ಗುಲಿಗೆ ಗಾರ್ಡ್‌ಗಳು, ಆಚೀಚೆ ಕೊನೆಯಲ್ಲಿ ಟ್ಯಾಕಲ್‌ಗಳು. ಒಬ್ಬೊಬ್ಬನೂ 140 ಕಿಲೋ ಆಸುಪಾಸು. ಎಸೆದ ಚೆಂಡನ್ನು ಹಿಡಿಯುವ ಹಕ್ಕು ಇವರಿಗಿಲ್ಲ. ಅಡ್ಡ ನಿಲ್ಲುವುದೇ ಕಸುಬು. ಹಿಡಿಯಬಲ್ಲವರು ಉಳಿದ ಐವರು. ರನ್ನಿಂಗ್ ಬ್ಯಾಕ್ ಆ ಐವರಲ್ಲಿ ಒಬ್ಬ. ಎದುರು ತಂಡಕ್ಕಾದರೋ ಇಂತಿಷ್ಟೇ ಜನ ನುಗ್ಗಬೇಕೆಂಬ ಕಟ್ಟಳೆಯೇ ಇಲ್ಲ. ಸಾಮಾನ್ಯವಾಗಿ ಮುಂದಿನ ನಾಲ್ವರು ನುಗ್ಗುತ್ತಾರೆ. ಹಿಂದೆ ನಿಂತ ಲೈನ್‌ಬ್ಯಾಕರ್‌ಗಳಲ್ಲಿ ಒಬ್ಬನೋ ಇಬ್ಬರೋ ಅವರ ಜೊತೆಗೂಡಿ ನುಗ್ಗಿದರೆ ಅದು ಬ್ಲಿಟ್ಜ್. ಎಸೆಯುವವನು ತನ್ನನ್ನು ತಾನೇ ಕಾಯಲಾರ, ಹಾಗಾಗಿ ಕಾಯಬಲ್ಲವರು ಹೆಚ್ಚೆಂದರೆ ಹತ್ತು ಜನ, ನುಗ್ಗಬಲ್ಲವರು ಹನ್ನೊಂದು. ದಾಳಿಗೆ ಯಾವಾಗಲೂ ಒಬ್ಬ ಹೆಚ್ಚು. ಯಾವ ತರಬೇತುದಾರನ ಜಾಣತನವೂ ಈ ಒಂದನ್ನು ಅಳಿಸಲಾರದು, ಆಚೀಚೆ ಸರಿಸಬಹುದು ಅಷ್ಟೆ.

ಹೇಗೆ ಸರಿಸುತ್ತಾರೆ ಎಂಬುದರ ಹೆಸರೇ ಬ್ಲಾಕಿಂಗ್ ಸ್ಕೀಮ್. ಅತಿ ಹಳೆಯದು, ಆಳಿಗೊಬ್ಬ ಆಳು: ನೀನು ಇವನನ್ನು ನೋಡಿಕೋ, ನಾನು ಅವನನ್ನು ನೋಡಿಕೊಳ್ಳುತ್ತೇನೆ. ಎದುರಿನವರಿಬ್ಬರು ನುಗ್ಗುವಾಗ ಅಡ್ಡಡ್ಡ ಹಾದು ಜಾಗ ಬದಲಿಸಿದರೆ ಇಲ್ಲಿ ಕಾವಲುಗಾರರೇ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ. ಇನ್ನೊಂದು, ಆಳನ್ನು ಬಿಟ್ಟು ಸಂದಿಯನ್ನು ಕಾಯುವುದು. ಐವರೂ ಒಂದೇ ದಿಕ್ಕಿಗೆ ಒಂದು ಹೆಜ್ಜೆ ಜಾರಿ, ತಮ್ಮ ಪಕ್ಕದ ಸಂದಿಗೆ ಯಾರೇ ಬಂದರೂ ತಡೆಯುತ್ತಾರೆ. ಇದರಲ್ಲಿ ಗೊಂದಲ ಕಡಿಮೆ, ಆದರೆ ಇನ್ನೊಂದು ಕೊನೆಯ ಬಾಗಿಲು ತೆರೆದುಕೊಂಡು, ಅಲ್ಲಿ 120 ಕಿಲೋದ ದಾಳಿಕಾರನೆದುರು ರನ್ನಿಂಗ್ ಬ್ಯಾಕ್ ಒಬ್ಬನೇ ಉಳಿಯುತ್ತಾನೆ. ಹೀಗಾಗಿ ಇಂದು ಹೆಚ್ಚಾಗಿ ಕಾಣುವುದು ಎರಡರ ಬೆರಕೆ: ಒಂದು ಬದಿಯ ಮೂವರು ಸಂದಿ ಕಾಯುತ್ತಾರೆ, ಇನ್ನೊಂದು ಬದಿಯ ಇಬ್ಬರು ಆಳನ್ನು ಹಿಡಿಯುತ್ತಾರೆ.

ಈಗ ಲೆಕ್ಕ ಹಾಕಿ. ಐವರು ಕಾವಲುಗಾರರಿಗೆ ಎದುರಿನ ಸಾಲಿನ ನಾಲ್ವರು ಹೋದರೆ ಒಬ್ಬ ಮಿಗುತ್ತಾನೆ. ಆ ಮಿಕ್ಕವನ ಪಾಲಿಗೆ ಯಾವ ಲೈನ್‌ಬ್ಯಾಕರ್? ‘ಐವತ್ನಾಲ್ಕು ಮೈಕ್’ ಎಂಬ ಕೂಗಿನಲ್ಲಿ ಅದಕ್ಕೆ ಉತ್ತರವಿದೆ. ಮೈಕ್ ಎಂದರೆ ಮೂಲದಲ್ಲಿ ನಡುವಿನ ಲೈನ್‌ಬ್ಯಾಕರ್‌ನ ಅಡ್ಡಹೆಸರು. ಆದರೆ ಕೂಗುವಾಗ ನಡುವಿನವನನ್ನೇ ತೋರಿಸಬೇಕೆಂದಿಲ್ಲ. ಕ್ವಾರ್ಟರ್‌ಬ್ಯಾಕ್ ಯಾರನ್ನು ತೋರಿಸುತ್ತಾನೋ ಅವನು ಆ ಒಂದು ಯತ್ನಕ್ಕೆ ಮೈಕ್. ನಾಲ್ವರು ಮತ್ತು ಮೈಕ್, ಈ ಐದು ಜನ ಕಾವಲು ಸಾಲಿನ ಐವರು ದೈತ್ಯರ ಪಾಲು. ಮೈಕ್ ಅಲ್ಲದ ಲೈನ್‌ಬ್ಯಾಕರ್ ಬಂದರೆ ಅವನೇ ಆರನೆಯವನು, ಅವನು ರನ್ನಿಂಗ್ ಬ್ಯಾಕ್‌ನ ಪಾಲು. ಏಳನೆಯವನೂ ಬಂದನೋ, ಅವನಿಗೆ ಯಾರೂ ಇಲ್ಲ. ಅವನು ಬಿಟ್ಟುಬಂದ ಖಾಲಿ ಜಾಗಕ್ಕೆ ಕ್ವಾರ್ಟರ್‌ಬ್ಯಾಕ್ ಕೂಡಲೇ ಚೆಂಡು ಎಸೆದು ಪಾರಾಗಬೇಕು.

ಕಾಗದದ ಮೇಲೆ ಇಷ್ಟೇ. ಮೈದಾನದಲ್ಲಿ ರನ್ನಿಂಗ್ ಬ್ಯಾಕ್‌ನ ಮುಂದೆ ಇಬ್ಬರು ಲೈನ್‌ಬ್ಯಾಕರ್‌ಗಳು ನಿಂತಿರುತ್ತಾರೆ, ಇಬ್ಬರೂ ಬರುವ ಹಾಗೆ ತೋರಿಸಿಕೊಳ್ಳುತ್ತಾರೆ. ಅವನಿಗೆ ಕಲಿಸುವ ಮೊದಲ ಪಾಠ, ಒಳಗಿನಿಂದ ಹೊರಗೆ ನೋಡು. ನಡುವಿಗೆ ಹತ್ತಿರದವನು ಬಂದನೇ? ಅವನೇ ನಿನ್ನವನು. ಬರಲಿಲ್ಲವೇ? ಕಣ್ಣು ಹೊರಗಿನವನತ್ತ. ಇಬ್ಬರೂ ಬಂದರೆ ಒಳಗಿನವನನ್ನೇ ಹಿಡಿ, ಹೊರಗಿನವನನ್ನು ಬಿಡು. ಮೊದಲ ಸಲ ಕೇಳಿದಾಗ ಇದು ಸುಮ್ಮನೆ ಒಂದು ಸಂಪ್ರದಾಯ ಅನ್ನಿಸಿತ್ತು. ಹೈಸ್ಕೂಲಿನ ಪೈಥಾಗೊರಸ್ ಹಾಕಿ ನೋಡಿದಾಗ ತಿಳಿಯಿತು. ಕ್ವಾರ್ಟರ್‌ಬ್ಯಾಕ್ ಚೆಂಡಿನ ಸಾಲಿನಿಂದ ಸುಮಾರು ನಾಲ್ಕೂವರೆ ಮೀಟರ್ ಹಿಂದೆ ನಿಂತಿದ್ದಾನೆ ಎನ್ನಿ. ಸೆಂಟರ್‌ನ ಪಕ್ಕದ ಸಂದಿಯಲ್ಲಿ ನುಗ್ಗುವವನಿಗೆ ಅಷ್ಟೇ ದೂರ, ನೇರ ದಾರಿ. ಏಳು ಮೀಟರ್ ಹೊರಗಿನಿಂದ ಬರುವವನಿಗೆ ಕರ್ಣದ ಉದ್ದ ಎಂಟು ಮೀಟರ್ ದಾಟುತ್ತದೆ. ಆ ಹೆಚ್ಚುವರಿ ಮೂರೂ ಮುಕ್ಕಾಲು ಮೀಟರ್ ಓಡಿ ಮುಗಿಸುವುದರೊಳಗೆ ಚೆಂಡು ಕೈಬಿಟ್ಟಿರಬಹುದು.

ಈ ನೋಟಕ್ಕೆ ಸಿಗುವ ಸಮಯವೇ ನನಗೆ ಈ ಕಸುಬಿನಲ್ಲಿ ಎಲ್ಲಕ್ಕಿಂತ ಸೋಜಿಗದ ಸಂಗತಿ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡನ್ನು ಎದುರಿಸುವ ಬ್ಯಾಟ್ಸ್‌ಮನ್‌ಗೆ ಅರ್ಧ ಸೆಕೆಂಡಿಗಿಂತ ಕಡಿಮೆ ಸಿಗುತ್ತದೆ, ನಿಜ. ಆದರೆ ಅವನಿಗೆ ಬರುವುದು ಒಂದೇ ಚೆಂಡು. 1952ರಲ್ಲಿ ಬ್ರಿಟಿಷ್ ಮನಶ್ಶಾಸ್ತ್ರಜ್ಞ ವಿಲಿಯಂ ಹಿಕ್ ಒಂದು ಸರಳ ಪ್ರಯೋಗ ಪ್ರಕಟಿಸಿದ. ಹಲವು ದೀಪಗಳಲ್ಲಿ ಒಂದು ಹೊತ್ತಿಕೊಳ್ಳುತ್ತದೆ, ಅದಕ್ಕೆ ಸೇರಿದ ಕೀಲಿಯನ್ನು ಒತ್ತಬೇಕು. ದೀಪಗಳ ಸಂಖ್ಯೆ ಹೆಚ್ಚಿದಂತೆ ಕೈ ತಡವಾಯಿತು, ಅದೂ ಒಂದು ಕ್ರಮದಲ್ಲಿ: ಆಯ್ಕೆಗಳು ದುಪ್ಪಟ್ಟಾದಾಗಲೆಲ್ಲ ಹೆಚ್ಚುಕಮ್ಮಿ ಒಂದೇ ಅಳತೆಯ ವಿಳಂಬ ಸೇರಿಕೊಳ್ಳುತ್ತಿತ್ತು. ಒಂದೇ ದೀಪವಾದರೆ ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಸಾಕು. ನಾಲ್ಕೋ ಎಂಟೋ ಆದರೆ ಅದು ಅರ್ಧ ಸೆಕೆಂಡಿನತ್ತ ಜಾರುತ್ತದೆ. ‘ಮೈಕ್’ ಎಂದು ಕೂಗಿದಾಗ ಆಗುವುದು ಇದರ ತಿರುಗುಮುರುಗು. ಹನ್ನೊಂದು ದೀಪಗಳಲ್ಲಿ ಒಂಬತ್ತನ್ನು ಮೊದಲೇ ಆರಿಸಿ, ಎರಡನ್ನು ಮಾತ್ರ ನೋಡು ಎಂದಂತೆ.

ದಾಳಿಯವರಿಗೂ ಇದು ಗೊತ್ತು. ಆದ್ದರಿಂದ ದೀಪಗಳನ್ನು ಸುಳ್ಳುಸುಳ್ಳೇ ಹೊತ್ತಿಸುತ್ತಾರೆ. 2014ರಿಂದ 2021ರವರೆಗೆ ಮಿನೆಸೋಟ ವೈಕಿಂಗ್ಸ್ ತಂಡದ ಮುಖ್ಯ ತರಬೇತುದಾರನಾಗಿದ್ದ ಮೈಕ್ ಝಿಮ್ಮರ್‌ಗೆ ಇದರಲ್ಲಿ ಹೆಸರು. ಇಬ್ಬರು ಲೈನ್‌ಬ್ಯಾಕರ್‌ಗಳನ್ನು ಸೆಂಟರ್‌ನ ಎರಡೂ ಪಕ್ಕದ ಸಂದಿಗಳ ಬಾಯಲ್ಲೇ ತಂದು ನಿಲ್ಲಿಸುತ್ತಿದ್ದ. ಅಲ್ಲಿ ನಿಂತವರು ಇಬ್ಬರೂ ಬರಬಹುದು, ಒಬ್ಬ ಬರಬಹುದು, ಇಬ್ಬರೂ ಹಿಂದೆ ಸರಿದು ಮೂಲೆಯಿಂದ ಇನ್ನಾರೋ ಬರಬಹುದು. ಅದಕ್ಕೂ ಮೊದಲು, 1980ರ ದಶಕದಲ್ಲಿ ಸಿನ್ಸಿನಾಟಿಯಲ್ಲಿ ಡಿಕ್ ಲಬೋ ಬೆಳೆಸಿದ ‘ಜೋನ್ ಬ್ಲಿಟ್ಜ್’ ಇನ್ನೂ ಕಿತಾಪತಿಯದು. ಲೈನ್‌ಬ್ಯಾಕರ್ ನುಗ್ಗುತ್ತಾನೆ, ನುಗ್ಗಬೇಕಾಗಿದ್ದ ಮುಂದಿನ ಸಾಲಿನ ದಢೂತಿ ಆಳು ಹಿಂದೆ ಸರಿದು ಚೆಂಡು ಬೀಳುವ ಜಾಗ ಕಾಯುತ್ತಾನೆ. ನುಗ್ಗಿದವರು ಬರೀ ಐವರೇ ಇರಬಹುದು, ಆದರೆ ಕಾವಲುಗಾರರಲ್ಲಿ ಒಬ್ಬ ಯಾರೂ ಬರದ ಕಡೆ ಕೈಚಾಚಿ ನಿಂತಿರುತ್ತಾನೆ.

ಇಂಥ ಮೋಸವನ್ನು ಹಳಬರು ಬೇಗ ಹಿಡಿಯುತ್ತಾರೆ, ಹೊಸಬರು ಒದ್ದಾಡುತ್ತಾರೆ. ಇದನ್ನು ಅರಿಯಲು ಚದುರಂಗದ ಒಂದು ಪ್ರಯೋಗ ನೆರವಾಗುತ್ತದೆ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಆಟಗಾರರಿಗೆ ಮಣೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರು. ನಿಜವಾದ ಆಟದ ನಡುವಿನ ಮಣೆಯಾಗಿದ್ದರೆ ನುರಿತ ಆಟಗಾರ ಬಹುಪಾಲು ಕಾಯಿಗಳನ್ನು ನೆನಪಿನಿಂದ ಇಟ್ಟುಬಿಟ್ಟ. ಕಾಯಿಗಳನ್ನು ಹೇಗೆಂದರೆ ಹಾಗೆ ಎರಚಿದ್ದರೆ ಅವನೂ ಹೊಸಬನೂ ಒಂದೇ. ನುರಿತವನು ಬಿಡಿ ಕಾಯಿಗಳನ್ನು ನೋಡುತ್ತಿರಲಿಲ್ಲ, ಗುಂಪುಗಳನ್ನು ಓದುತ್ತಿದ್ದ. ರನ್ನಿಂಗ್ ಬ್ಯಾಕ್ ಕೂಡ ವಾರವಿಡೀ ಎದುರಾಳಿಯ ಹಳೆಯ ಪಂದ್ಯಗಳ ವಿಡಿಯೋ ನೋಡುವುದು ಇದೇ ಓದಿಗಾಗಿ. ಹಿಂದೆ ನಿಲ್ಲಬೇಕಾದ ಸೇಫ್ಟಿ ನಾಲ್ಕು ಹೆಜ್ಜೆ ಮುಂದೆ ಬಂದಿದ್ದಾನೆ ಎಂದರೆ, ಅವನ ಮುಂದಿರುವ ಯಾರೋ ನುಗ್ಗಲಿದ್ದಾರೆ, ಅವರ ಕೆಲಸ ಇವನ ಪಾಲಿಗೆ ಬಂದಿದೆ ಎಂದು ಅರ್ಥ.

ಗುರುತಿಸಿದ್ದಾಯಿತು. ಇನ್ನು ತಡೆಯಬೇಕು. ಇಲ್ಲಿ ಗಾತ್ರ ರನ್ನಿಂಗ್ ಬ್ಯಾಕ್‌ನ ವಿರುದ್ಧ ಇದೆ: ಬರುತ್ತಿರುವ ಲೈನ್‌ಬ್ಯಾಕರ್ 108 ಕಿಲೋ, ಇವನು 98 ಎನ್ನೋಣ. ಆದರೆ ಹತ್ತು ಕಿಲೋ ಅಂತರಕ್ಕಿಂತ ದೊಡ್ಡದು, ಎಲ್ಲಿ ಎದುರಾಗುತ್ತಾರೆ ಎಂಬುದು. ನಿಂತಲ್ಲಿಂದ ಓಟ ಶುರುಮಾಡಿದ ಲೈನ್‌ಬ್ಯಾಕರ್ ಪ್ರತಿ ಸೆಕೆಂಡಿಗೆ ತನ್ನ ವೇಗಕ್ಕೆ ಸೆಕೆಂಡಿಗೆ ನಾಲ್ಕು ಮೀಟರಿನಷ್ಟು ಕೂಡಿಸಿಕೊಳ್ಳುತ್ತಾನೆ ಎಂದು ಸ್ಥೂಲವಾಗಿ ಹಿಡಿದರೆ, ಎರಡು ಮೀಟರ್ ಓಡಿದಾಗ ಅವನ ವೇಗ ಸೆಕೆಂಡಿಗೆ 4 ಮೀಟರ್; ನಾಲ್ಕೂವರೆ ಮೀಟರ್ ಓಡಿದಾಗ 6. ರನ್ನಿಂಗ್ ಬ್ಯಾಕ್ ಕ್ವಾರ್ಟರ್‌ಬ್ಯಾಕ್‌ನ ಮಗ್ಗುಲಲ್ಲೇ ಕಾದು ನಿಂತರೆ 6 ಮೀಟರ್ ವೇಗದ 108 ಕಿಲೋ ಬಂದು ಬಡಿಯುತ್ತದೆ, ಇಬ್ಬರೂ ಅಂಟಿಕೊಂಡಂತೆ ಸೆಕೆಂಡಿಗೆ 3 ಮೀಟರ್‌ಗೂ ಹೆಚ್ಚಿನ ವೇಗದಲ್ಲಿ ಹಿಂದಕ್ಕೆ, ಅಂದರೆ ಕ್ವಾರ್ಟರ್‌ಬ್ಯಾಕ್‌ನ ಮೈಮೇಲೆಯೇ ಹೋಗಿ ಬೀಳುತ್ತಾರೆ. ಅದೇ ಅವನು ತಡಮಾಡದೆ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಮುನ್ನುಗ್ಗಿ, ಲೈನ್‌ಬ್ಯಾಕರ್ ಎರಡೇ ಮೀಟರ್ ಓಡಿದ್ದಾಗ ಸಂದಿಯಲ್ಲೇ ಎದುರಾದರೆ? 108 ಗುಣಿಸು 4, ಕಳೆ 98 ಗುಣಿಸು 3, ಉಳಿಯುವುದು 138. ಇಬ್ಬರ ತೂಕ 206ರಿಂದ ಭಾಗಿಸಿ. ಹಿಂದಕ್ಕೆ ಸರಿಯುವ ವೇಗ ಸೆಕೆಂಡಿಗೆ 0.7 ಮೀಟರ್ ಕೂಡ ಇಲ್ಲ. ಅಷ್ಟನ್ನು ಬೂಟಿನ ಮೊಳೆಗಳು ಹುಲ್ಲಿಗೆ ಕಚ್ಚಿ ನುಂಗಿಕೊಳ್ಳುತ್ತವೆ.

ಬಲ ಅಷ್ಟೇ, ಆಳುಗಳು ಅವರೇ. ಅರ್ಧ ಸೆಕೆಂಡು ಮೊದಲು ಗುರುತಿಸಿದ್ದು ಮಾತ್ರ ಬೇರೆ.

ಉಳಿದದ್ದು ಭಂಗಿಯ ಮಾತು. ಸೊಂಟ ಎದುರಿನವನ ಸೊಂಟಕ್ಕಿಂತ ಕೆಳಗಿರಬೇಕು. ಕೆಳಗಿನಿಂದ ಮೇಲಕ್ಕೆ ತಳ್ಳಿಸಿಕೊಂಡವನ ಪಾದಕ್ಕೆ ನೆಲದ ಹಿಡಿತ ತಪ್ಪುತ್ತದೆ. ಅಂಗೈಗಳು ಅವನ ಎದೆಯ ನಡುವೆ ಊರಬೇಕು, ಹೊರಗಿನಿಂದ ಅಂಗಿ ಹಿಡಿದರೆ ತಪ್ಪು, 10 ಗಜ ದಂಡ. ಚಾಚಿದ ತೋಳು, ತೆರೆದ ಅಂಗೈ ಬಳಸಿ ತಡೆಯಲು ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಅನುಮತಿ ಕೊಟ್ಟಿದ್ದು 1978ರಲ್ಲಿ, ಎಸೆತದ ಆಟಕ್ಕೆ ಅಲ್ಲಿಂದ ಜೀವ ಬಂತು. ತಲೆ ತಗ್ಗಿಸಿ ಹೆಲ್ಮೆಟ್‌ನಿಂದ ಗುದ್ದುವುದು 2018ರಿಂದ ಅಪರಾಧ. ಮಿದುಳಿನ ಗಾಯಗಳ ಕಹಿ ಚರ್ಚೆಯ ನಂತರ ಬಂದ ನಿಯಮ ಅದು, ತಡವಾಗಿಯೇ ಬಂತೆಂದು ನನ್ನ ಅನಿಸಿಕೆ. ತಲೆ ತಗ್ಗಿಸಿದವನಿಗೆ ಎದುರಿನವನು ಕಾಣುವುದೂ ಇಲ್ಲವೆನ್ನಿ.

ಎಲ್ಲ ಲೆಕ್ಕವನ್ನೂ ಒಬ್ಬ ಮನುಷ್ಯ ಕೆಡಿಸಿದ್ದುಂಟು. 1981ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಸೇರಿದ ಲಾರೆನ್ಸ್ ಟೇಲರ್ ಹೊರ ಅಂಚಿನ ಲೈನ್‌ಬ್ಯಾಕರ್. ಅಂಚಿನಿಂದ ಲೈನ್‌ಬ್ಯಾಕರ್ ಬಂದರೆ ರನ್ನಿಂಗ್ ಬ್ಯಾಕ್ ತಡೆಯುವುದು ಆಗಿನ ವಾಡಿಕೆ. ಟೇಲರ್ ಮುಂದೆ ಆ ವಾಡಿಕೆ ನಿಲ್ಲಲಿಲ್ಲ. ರನ್ನಿಂಗ್ ಬ್ಯಾಕ್‌ಗಳ ವೇಗ ಅವನಿಗಿತ್ತು, ಮೈ ಅವರಿಗಿಂತ ದೊಡ್ಡದಿತ್ತು. 1982ರ ಜನವರಿ 3ರಂದು ಸ್ಯಾನ್ ಫ್ರಾನ್ಸಿಸ್ಕೋ ತಂಡ ಅವನನ್ನು ಎದುರಿಸಬೇಕಾಯಿತು. ಅದರ ತರಬೇತುದಾರ ಬಿಲ್ ವಾಲ್ಶ್ ಆ ಕೆಲಸವನ್ನು ಗಾರ್ಡ್ ಜಾನ್ ಏಯರ್ಸ್‌ಗೆ ವಹಿಸಿದ. ಚೆಂಡು ಕದಲಿದ ಕೂಡಲೇ ಏಯರ್ಸ್ ಹಿಂದೆ ಸರಿದು ಟೇಲರ್ ಬರುವ ದಾರಿಗೆ ಅಡ್ಡ ನಿಂತ. ಸ್ಯಾನ್ ಫ್ರಾನ್ಸಿಸ್ಕೋ 38–24ರಲ್ಲಿ ಗೆದ್ದಿತು, ಮೂರು ವಾರಕ್ಕೆ ಅಂತಿಮ ಪಂದ್ಯವಾದ ಸೂಪರ್ ಬೌಲ್ ಕೂಡ. ದೊಡ್ಡವರಿಗೆ ದೊಡ್ಡವರು, ರನ್ನಿಂಗ್ ಬ್ಯಾಕ್‌ಗೆ ಲೈನ್‌ಬ್ಯಾಕರ್ ಎಂಬ ಹಂಚಿಕೆಯಲ್ಲಿ ಟೇಲರ್‌ನಂಥವರನ್ನು ದೊಡ್ಡವರ ಲೆಕ್ಕಕ್ಕೆ ಸೇರಿಸುವ ಅಭ್ಯಾಸ ಆ ಕಾಲದಿಂದ ಗಟ್ಟಿಯಾಯಿತು. ಸೇರಿಸಿದ ಮಾತ್ರಕ್ಕೆ ಅವನು ನಿಂತನೆಂದಲ್ಲ. 1985ರ ನವೆಂಬರ್ 18ರ ರಾತ್ರಿ ವಾಷಿಂಗ್ಟನ್ನಿನ ಕ್ವಾರ್ಟರ್‌ಬ್ಯಾಕ್ ಜೋ ಥೀಸ್ಮನ್‌ನ ಕಾಲು ಟೇಲರ್ ಕೆಳಗೆ ಸಿಕ್ಕಿ ಮುರಿಯಿತು. ಥೀಸ್ಮನ್ ಮತ್ತೆ ಆಡಲಿಲ್ಲ.

ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದಕ್ಕೆ ಸ್ಯಾಕ್ ಎನ್ನುತ್ತಾರೆ. 1982ರಿಂದ ಅದು ಅಧಿಕೃತ ಅಂಕಿಅಂಶ; ಕೆಡವಿದವನ ಹೆಸರಿನ ಮುಂದೆ ಬರೆದುಕೊಳ್ಳುತ್ತಾರೆ. ತಡೆದವನ ಹೆಸರಿಗೆ ಅಂಥ ಕಾಲಂ ಇಲ್ಲ. ಶಿಕಾಗೋದ ರನ್ನಿಂಗ್ ಬ್ಯಾಕ್ ವಾಲ್ಟರ್ ಪೇಟನ್ ನಿವೃತ್ತನಾದಾಗ 16,726 ಗಜ ಓಡಿದ ದಾಖಲೆ ಅವನದಾಗಿತ್ತು. ಎಷ್ಟು ಲೈನ್‌ಬ್ಯಾಕರ್‌ಗಳನ್ನು ನೆಲಕ್ಕೆ ಕೆಡವಿದ ಎಂಬುದಕ್ಕೆ ಅಧಿಕೃತ ಸಂಖ್ಯೆಯಿಲ್ಲ, ಜೊತೆಯಲ್ಲಿ ಆಡಿದವರು ಹೇಳುವ ಕತೆಗಳಿವೆ.

ಇನ್ನು ಆ ಭಾನುವಾರದ ಟೀವಿ. ಕೂಗು ಮುಗಿಯಿತು, ಚೆಂಡು ಹಿಂದೆ ಬಂತು. ರನ್ನಿಂಗ್ ಬ್ಯಾಕ್ ಒಳಗಿನವನನ್ನು ನೋಡಿದ, ಬರಲಿಲ್ಲ. ಹೊರಗಿನವನನ್ನು ನೋಡಿದ, ಅವನೂ ಹಿಂದೆ ಸರಿದ. ಈಗ ಅವನಿಗೆ ಕಾವಲಿನಿಂದ ಬಿಡುಗಡೆ. ಗಾರ್ಡ್‌ನ ಬೆನ್ನ ಹಿಂದಿನಿಂದ ನುಸುಳಿ ನಾಲ್ಕು ಗಜ ಆಚೆ ಹೋಗಿ ತಿರುಗಿ ನಿಲ್ಲುತ್ತಾನೆ. ದೂರದ ಜೊತೆಗಾರರೆಲ್ಲ ಮುಚ್ಚಿಹೋಗಿದ್ದರೆ ಕ್ವಾರ್ಟರ್‌ಬ್ಯಾಕ್ ಕೊನೆಗೆ ಚೆಂಡನ್ನು ಅವನ ಕೈಗೇ ಹಾಕುತ್ತಾನೆ. ಕಾಮೆಂಟರಿಯವರು ಅವನ ಹೆಸರು ಹೇಳುವುದು ಆಗ.