ಲೋಸರ್ ಹಬ್ಬಕ್ಕೆ ಬೈಲಕುಪ್ಪೆ: ಹೊರಡುವ ಮುನ್ನ ತಿಳಿಯಬೇಕಾದುದು

ಬೆಳ್ಳಾರೆ: ಹಿಮಾಲಯದಾಚೆಯ ಹಬ್ಬವೊಂದನ್ನು ಕಾಣಲು ಸುಳ್ಯ ತಾಲ್ಲೂಕಿನ ಬೆಳ್ಳಾರೆಯವರು ದೂರದೇಶಕ್ಕೆ ಹೋಗಬೇಕಿಲ್ಲ. ಮುಂಜಾನೆ ಐದಕ್ಕೆ ಹೊರಡುವ ದಂಪತಿ ಸುಳ್ಯ, ಸಂಪಾಜೆ, ಮಡಿಕೇರಿ, ಕುಶಾಲನಗರಗಳನ್ನು ಹಾದು, ಕಾವೇರಿ ದಾಟಿ ಒಂಬತ್ತರ ಹೊತ್ತಿಗೆ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿರಬಹುದು. ದಾರಿ ನೂರು ಕಿ.ಮೀ.ಗಿಂತ ತುಸು ಹೆಚ್ಚು. ರಾತ್ರಿಯ ಊಟಕ್ಕೆ ಮನೆಗೆ ಮರಳಲು ಸಾಧ್ಯ. ಆದರೆ ದಿನವನ್ನು ಸರಿಯಾಗಿ ಆರಿಸದಿದ್ದರೆ ಮುಚ್ಚಿದ ಅಂಗಡಿಗಳನ್ನು ನೋಡಿ ಹಿಂದಿರುಗಬೇಕಾದೀತು.

ಯಾವ ದಿನ ಸೂಕ್ತ?

ಲೋಸರ್ ಎಂದರೆ ಟಿಬೆಟನ್ನರ ಹೊಸ ವರ್ಷ. ತುಳುನಾಡಿನ ಬಿಸು ಸೌರಮಾನದ್ದಾದ್ದರಿಂದ ಪ್ರತಿವರ್ಷ ಏಪ್ರಿಲ್ ಮಧ್ಯದಲ್ಲೇ ಬರುತ್ತದೆ. ಲೋಸರ್ ಚಂದ್ರನ ಗತಿಯನ್ನು ಅನುಸರಿಸುವ ಕಾರಣ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ನಡುವೆ ಸರಿದಾಡುತ್ತದೆ. 2025ರಲ್ಲಿ ಅದು ಫೆಬ್ರವರಿ 28ರಂದು ಬಂದಿತ್ತು.

ಹೊಸ ವರ್ಷದ ಮೊದಲ ದಿನ ಗೊಂಪಾದ ಪೂಜೆಗೆ, ಕುಟುಂಬಕ್ಕೆ ಮೀಸಲು. ಹೊರಗಿನವರಿಗೆ ನೋಡಲು ಹೆಚ್ಚು ಸಿಗುವುದು ಅದಕ್ಕೂ ಮೊದಲು. ಹಳೆಯ ವರ್ಷದ ಕೊನೆಯ ತಿಂಗಳ 29ನೆಯ ದಿನದ ವೇಳೆಗೆ ನಾಮ್‌ಡ್ರೋಲಿಂಗ್ ವಿಹಾರದಲ್ಲಿ ಭಿಕ್ಷುಗಳು ಮುಖವಾಡ ಧರಿಸಿ 'ಚಾಮ್' ನರ್ತಿಸುತ್ತಾರೆ. ವರ್ಷದ ಕೆಡುಕನ್ನು ಕಳೆಯುವುದು ಅದರ ಉದ್ದೇಶ. ಭೂತಕೋಲ ನೋಡಿ ಬೆಳೆದವರಿಗೆ ಈ ಬಣ್ಣ, ವಾದ್ಯಗಳು ಅಪರಿಚಿತವೆನಿಸವು. ಆದರೆ ಕೋಲದಲ್ಲಿ ದೈವ ನುಡಿ ಕೊಡುತ್ತದೆ. ಚಾಮ್ ನರ್ತಕ ಮಾತನಾಡುವುದಿಲ್ಲ. ಅವನ ಹೆಜ್ಜೆಯೇ ಧ್ಯಾನ.

ಅಂದು ರಾತ್ರಿ ಮನೆಗಳಲ್ಲಿ ಒಂಬತ್ತು ಪದಾರ್ಥಗಳ 'ಗುಥುಕ್' ಸಾರು. ಅದರಲ್ಲಿನ ಹಿಟ್ಟಿನ ಉಂಡೆಯೊಳಗೆ ಮೆಣಸು ಸಿಕ್ಕವನು ವಾಚಾಳಿ, ಉಣ್ಣೆ ಸಿಕ್ಕವನು ಮೃದುಹೃದಯಿ, ಇದ್ದಿಲು ಸಿಕ್ಕವನ ಮನಸ್ಸು ಕಪ್ಪು ಎಂದು ನಗೆಯಾಡುವುದು ವಾಡಿಕೆ. ಹಬ್ಬದ ಪೀಠದ ಮೇಲೆ ಹುರಿದ ಬಾರ್ಲಿ ಹಿಟ್ಟು, ಕರಿದ 'ಖಾಪ್ಸೆ', ಮೊಳೆತ ಧಾನ್ಯದ ಹಸಿರು ಪೈರು ಇರುತ್ತವೆ. ಬಿಸು ಕಣಿ ಇಡುವ ಮನೆಯವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಮೂರನೆಯ ದಿನ ಧೂಪ ಹಾಕಿ, ಹಳೆಯ ಪ್ರಾರ್ಥನಾ ಧ್ವಜಗಳ ಜಾಗದಲ್ಲಿ ಹೊಸವನ್ನು ಕಟ್ಟುತ್ತಾರೆ.

ಕಾಡು ಕಡಿದು ಕಟ್ಟಿದ ಊರು

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಬಳಿಕ ಅಂದಿನ ಮೈಸೂರು ರಾಜ್ಯ ನಿರಾಶ್ರಿತರಿಗೆ ಇಲ್ಲಿ ಸುಮಾರು 3,000 ಎಕರೆ ಭೂಮಿ ನೀಡಿತು. 1960-61ರಲ್ಲಿ ಬಂದವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಪೆನೋರ್ ರಿಂಪೋಚೆ 1963ರಲ್ಲಿ ನಾಮ್‌ಡ್ರೋಲಿಂಗ್ ಸ್ಥಾಪಿಸಿದರು. ಪ್ರವಾಸಿಗರು 'ಗೋಲ್ಡನ್ ಟೆಂಪಲ್' ಎನ್ನುವ ಅಲ್ಲಿನ ಮಂದಿರ 1999ರಲ್ಲಿ ಉದ್ಘಾಟನೆಯಾಯಿತು. ಅದರ ಬುದ್ಧನ ಪ್ರತಿಮೆ 60 ಅಡಿ, ಪಕ್ಕದ ಪದ್ಮಸಂಭವ ಹಾಗೂ ಅಮಿತಾಯು ಪ್ರತಿಮೆಗಳು ತಲಾ 58 ಅಡಿ ಎತ್ತರವಿವೆ.

ಈ ಹಬ್ಬ ಪ್ರವಾಸಿಗರಿಗಾಗಿ ಏರ್ಪಡಿಸಿದ ಉತ್ಸವವಲ್ಲ. ಟಿಬೆಟಿನಲ್ಲಿ 2008ರಲ್ಲಿ ಮಡಿದವರ ನೆನಪಿನಲ್ಲಿ 2009ರ ಲೋಸರನ್ನು ಟಿಬೆಟನ್ನರು ಸಂಭ್ರಮವಿಲ್ಲದೆ, ಪ್ರಾರ್ಥನೆಯಲ್ಲೇ ಕಳೆದರು. ದೇಶ ಕೈತಪ್ಪಿದವರಿಗೆ ಪಂಚಾಂಗವೂ ಒಂದು ಆಸ್ತಿ.

ಆದ್ದರಿಂದ ಹೋಗುವವರು ನರ್ತನದ ಅಂಗಳಕ್ಕೆ ಕಾಲಿಡದೆ ಬದಿಯಲ್ಲಿ ಕುಳಿತು ನೋಡುವುದು, ಮಂದಿರವನ್ನು ಎಡದಿಂದ ಬಲಕ್ಕೆ ಸುತ್ತುವುದು, ಭಿಕ್ಷುಗಳ ಚಿತ್ರ ತೆಗೆಯುವ ಮುನ್ನ ಅನುಮತಿ ಕೇಳುವುದು ಒಳಿತು. ಹಗಲಿನ ಭೇಟಿಗೆ ಭಾರತೀಯರಿಗೆ ಪರವಾನಗಿ ಬೇಡ. ಎದುರಾದವರಿಗೆ 'ತಾಶಿ ದೆಲೆಕ್' ಎಂದರೆ ಸಾಕು. ಅದು ಶುಭ ಹಾರೈಕೆ. ಮರುನುಡಿ ಕನ್ನಡದಲ್ಲೇ ಬಂದರೆ ಅಚ್ಚರಿಪಡಬೇಕಿಲ್ಲ. ಅಲ್ಲಿನ ಅನೇಕರು ಹುಟ್ಟಿದ್ದು ಇದೇ ಮಣ್ಣಿನಲ್ಲಿ.