ಒಲೆ ಆರಿಸಿ ಕೂತ ಹಬ್ಬ

ಹೋದ ವರ್ಷ ದೀಪಾವಳಿಗೆ ಡೊಂಬಿವ್ಲಿಯ ನಮ್ಮ ಸಣ್ಣ ಫ್ಲ್ಯಾಟಿಗೆ ಧಾರವಾಡ, ಪುಣೆ, ಠಾಣೆಗಳಿಂದ ಬಂದವರೂ ಸೇರಿ 18 ಮಂದಿ. ಪೂರಿ ಕರಿಯುತ್ತ ನಿಂತ ಅವ್ವ ಉಣ್ಣಲು ಕೂತಾಗ ಮಧ್ಯಾಹ್ನ 4 ಗಂಟೆ. ಊರಿಗೆ ಹೊರಟ ಚಿಕ್ಕವ್ವ ಬಾಗಿಲಲ್ಲಿ ಹೇಳಿದಳು, “ಅಡಗಿ ಭಾಳ ಚೊಲೋ ಆಗಿತ್ತಕ್ಕಾ. ಆದ್ರ ನಿನ್ನ ಬೆನ್ನ ಅಷ್ಟ ನೋಡಿ ಹೊಂಟೀನಿ.” ಅವ್ವ ನಕ್ಕಳು. ನನಗೆ ನಗು ಬರಲಿಲ್ಲ.

ಈ ವರ್ಷ ನಾನು, ನನ್ನ ಹೆಂಡತಿ ಒಂದೇ ನಿಯಮ ಇಟ್ಟೆವು: ಎಲ್ಲರೂ ಸೇರಿದ ಮೇಲೆ ಒಲೆ ಹಚ್ಚುವಂತಿಲ್ಲ. ಚಹಾಕ್ಕೆ ಮಾತ್ರ ವಿನಾಯಿತಿ. ಅವ್ವನಿಗೆ ಸಿಟ್ಟು ಬಂತು. “ಹಬ್ಬದಾಗ ಮಂದಿಗೆ ಆರಿದ್ದು ಹಾಕಿದ್ರ ಏನಂದಾರು?” ಅವಳಿಗೆ ಬಿಸಿ ಊಟವೆಂದರೆ ಮರ್ಯಾದೆ.

ನಾನು ಕೇಳಿದೆ, “ಎಳ್ಳ ಅಮಾಸಿಗೆ ಹೊಲದಾಗ ಏನ ಉಣ್ತಿದ್ವಿ ಅವ್ವಾ?”

ಅವಳು ಸುಮ್ಮನಾದಳು. ಚರಗ ಚೆಲ್ಲಲು ಹೋದಾಗಿನ ಬುತ್ತಿಯಲ್ಲಿ ಬಿಸಿಯಾದದ್ದು ಏನಿತ್ತು? ಮರುದಿನದಿಂದ ಪಟ್ಟಿ ಅವಳದೇ.

60 ಖಡಕ್ ರೊಟ್ಟಿ, 40 ಶೇಂಗಾ ಹೋಳಿಗೆ ಚಿಕ್ಕವ್ವನ ಪಾಲಿಗೆ. ವಾರಗಟ್ಟಲೆ ಕೆಡದ ರೊಟ್ಟಿ ರೈಲಿನಲ್ಲಿ ಬರಲು ತೊಂದರೆಯಿಲ್ಲ. ಅಗಸಿ, ಗುರೆಳ್ಳು ಚಟ್ನಿಪುಡಿ ಪುಣೆಯ ಅಕ್ಕನದು. ಮೊಸರು ಠಾಣೆಯ ಅಣ್ಣನದು. ಹೆಸರುಕಾಳು ಎರಡು ದಿನ ಮೊದಲೇ ನೆನೆಹಾಕಿದೆವು. ಎಣ್ಣೆಗಾಯಿ ಹಿಂದಿನ ರಾತ್ರಿಯೇ ಮಾಡಿ, ಆರಿಸಿ, ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಚೆನ್ನಾಗಿ ಕಾಯಿಸಿದೆವು. ಮಸಾಲೆ ಹೀರಿಕೊಂಡ ಬದನೆಕಾಯಿ ಮರುದಿನವೇ ಹೆಚ್ಚು ರುಚಿ. ಚಿತ್ರಾನ್ನವೂ ಬೆಳಿಗ್ಗೆಯೇ ಆಯಿತು.

ಸಂಜೆಗೆ ಗಿರ್ಮಿಟ್. ಒಂದು ಕಿಲೋ ಚುರುಮುರಿ, ಮೊದಲೇ ಕುದಿಸಿಟ್ಟ ಉಳ್ಳಾಗಡ್ಡಿ-ಹುಣಸೆಯ ಗೊಜ್ಜು, ಪುಟಾಣಿ ಹಿಟ್ಟು. ಮುಂಬೈಯಲ್ಲಿ ಬೆಳೆದ ಮಕ್ಕಳು “ಇದು ಭೇಳ್ ಅಲ್ವಾ?” ಎನ್ನುತ್ತ ತಾವೇ ಕಲಸಿದರು. ಮೊದಲ ಸಲ ಅರ್ಧ ಗಂಟೆ ಮುಂಚೆ ಕಲಸಿ ಮೆತ್ತಗಾಯಿತು, ತಿನ್ನುವಾಗಲೇ ಕಲಸಬೇಕು.

ಬಲಿಪಾಡ್ಯದ ದಿನ ಮಧ್ಯಾಹ್ನ ಒಂದಕ್ಕೆ ಎಲ್ಲವನ್ನೂ ಹಾಲ್‌ನಲ್ಲಿ ಇಟ್ಟೆವು. ಬೇಕಾದ್ದು ಬಡಿಸಿಕೊಳ್ಳುವುದು ಅವರವರ ಕೆಲಸ. ಅವ್ವ ಎರಡು ಸಲ ಅಡುಗೆಮನೆಗೆ ಹೋಗಿ, ಮಾಡಲು ಏನೂ ಇಲ್ಲದೆ ವಾಪಸ್ಸು ಬಂದಳು. ಆಮೇಲೆ ಚಿಕ್ಕವ್ವನ ಪಕ್ಕ ಗೋಡೆಗೆ ಒರಗಿ ಕೂತಳು. ಊಟ ಮುಗಿದರೂ ಇಬ್ಬರೂ ಏಳಲಿಲ್ಲ. ಒಣಗಿದ ಕೈಯಲ್ಲೇ ಮಾತು ನಡೆದಿತ್ತು.

ರಾತ್ರಿ ಅವ್ವನನ್ನು ಕೇಳಿದೆ, ಹೇಗಾಯಿತು ಎಂದು.

“ಎಲ್ಲಾ ಚೊಲೋ ಆತು. ಅನ್ನ ಒಂದ ಬಿಸಿ ಇರಬೇಕಿತ್ತು.”

ಮುಂದಿನ ವರ್ಷದ ಪಟ್ಟಿಗೆ ಎಲೆಕ್ಟ್ರಿಕ್ ಕುಕ್ಕರ್ ಸೇರಿಸಿದ್ದೇನೆ. ಅದರ ಮುಂದೆ ಯಾರೂ ನಿಲ್ಲಬೇಕಾಗಿಲ್ಲ.